ಅಂಗಡಿ ಬಾಡಿಗೆಗೆ ಜಾಮೀನು ನಿಂತವರ ಕಥೆ

ಜಾಮೀನು ಅನ್ನುವ ಪದ ಕನ್ನಡಕ್ಕೂ ಗುಜರಾತಿಗೂ ಹೆಚ್ಚುಕಡಿಮೆ ಒಂದೇ. ಇಲ್ಲಿಯವರು 'ಜಾಮೀನ್' ಅಂತಾರೆ, ನಾವು ಕೊನೆಗೊಂದು ಉಕಾರ ಸೇರಿಸ್ತೀವಿ, ಅಷ್ಟೆ. ವಡೋದರಾದ ಮಂಜಲ್‌ಪುರಕ್ಕೆ ಬಂದು ಮೂವತ್ತು ವರ್ಷ ದಾಟಿದ ನಾನು ಈ ಪದವನ್ನು ಹೆಚ್ಚಾಗಿ ಕೇಳಿದ್ದು ನಮ್ಮವರು ಹೋಟೆಲಿಗೋ ಅಂಗಡಿಗೋ ಜಾಗ ಹುಡುಕುವಾಗ. ಕಟ್ಟಡದ ಮಾಲೀಕನಿಗೆ ನಮ್ಮ ಊರೂ ಗೊತ್ತಿಲ್ಲ, ಮನೆತನವೂ ಗೊತ್ತಿಲ್ಲ. "ಇಲ್ಲಿನವರು ಯಾರಾದರೂ ಜಾಮೀನು ಇದ್ದಾರಾ?" ಅಂತ ಕೇಳ್ತಾನೆ. ಆಗ ಮೊದಲೇ ಬಂದು ನೆಲೆಸಿದ ಇನ್ನೊಬ್ಬ ಕನ್ನಡಿಗ ಕರಾರಿನ ಕೊನೆಯ ಪುಟದಲ್ಲಿ ಸಹಿ ಹಾಕುತ್ತಾನೆ. "ಬರೀ ಒಂದು ಸೈನು ಅಣ್ಣಾ" ಅಂತ ಕೇಳಿದರೆ ಇಲ್ಲ ಅನ್ನೋದು ಹೇಗೆ?

2020ರ ಮಾರ್ಚ್ 25ರಂದು ದೇಶಕ್ಕೆ ದೇಶವೇ ಬಾಗಿಲು ಹಾಕಿತು. ಹೋಟೆಲಿನ ಒಲೆ ಆರಿತು, ಕೆಲಸದ ಹುಡುಗರು ಊರಿಗೆ ಹೋದರು, ಬಾಡಿಗೆ ಮಾತ್ರ ತಿಂಗಳು ತಿಂಗಳು ಏರುತ್ತಾ ಹೋಯಿತು. ಕೆಲವು ತಿಂಗಳಾದ ಮೇಲೆ ನನಗೆ ಗೊತ್ತಿರುವ ಒಂದಿಬ್ಬರ ಮನೆಗೆ ವಕೀಲರ ನೋಟಿಸು ಬಂತು. ಅವರು ಹೋಟೆಲ್ ನಡೆಸುವವರಲ್ಲ, ನಡೆಸುವವರಿಗೆ ಸಹಿ ಹಾಕಿದವರು. 'ಕೊಟ್ಟವ ಕೋಡಂಗಿ, ಇಸ್ಕೊಂಡವ ಈರಭದ್ರ' ಅಂತ ಗಾದೆ ಇದೆಯಲ್ಲ, ಇವರು ಕೊಟ್ಟವರೂ ಅಲ್ಲ, ಇಸ್ಕೊಂಡವರೂ ಅಲ್ಲ. ಇಂಥವರಿಗೆ ಕಾನೂನಿನಲ್ಲಿ ರಕ್ಷಣೆ ಇತ್ತೇ? ಇದನ್ನು ಹುಡುಕುತ್ತಾ ಹೋದರೆ ದಾರಿ ನಮ್ಮ ಕಲ್ಯಾಣದವರೆಗೂ ಹೋಗುತ್ತದೆ.

ಬೀದರ್ ಜಿಲ್ಲೆಯ ಇವತ್ತಿನ ಬಸವಕಲ್ಯಾಣ ಚಾಲುಕ್ಯರ ರಾಜಧಾನಿಯಾಗಿತ್ತು. ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ಅಲ್ಲಿದ್ದ ವಿಜ್ಞಾನೇಶ್ವರ, ಯಾಜ್ಞವಲ್ಕ್ಯ ಸ್ಮೃತಿಗೆ 'ಮಿತಾಕ್ಷರಾ' ಎಂಬ ವ್ಯಾಖ್ಯಾನ ಬರೆದ. ಆಸ್ತಿ ಪಾಲಿನ ವಿಷಯಕ್ಕೆ ಈ ಹೆಸರನ್ನು ಕೋರ್ಟಿನಲ್ಲಿ ಎಲ್ಲರೂ ಕೇಳಿರ್ತೀರಿ. ಜಾಮೀನಿನ ಲೆಕ್ಕವೂ ಅದರಲ್ಲಿದೆ. ಜಾಮೀನು ಮೂರು ಬಗೆ: ಸಾಲಗಾರನನ್ನು ಕರೆತಂದು ನಿಲ್ಲಿಸುತ್ತೇನೆ ಅನ್ನೋದು ಒಂದು, ಇವನು ನಂಬಿಕಸ್ಥ ಅನ್ನೋದು ಇನ್ನೊಂದು, ಇವನು ಕೊಡದಿದ್ದರೆ ನಾನು ಕೊಡ್ತೀನಿ ಅನ್ನೋದು ಮೂರನೆಯದು. ಮೊದಲ ಎರಡರ ಹೊಣೆ ಸಹಿ ಹಾಕಿದವನ ಜೊತೆಗೇ ಮುಗಿಯುತ್ತದೆ. ಮೂರನೆಯದು ಮಗನಿಗೂ ಬರುತ್ತದೆ, ಆದರೆ ಮಗ ಅಸಲು ಕೊಟ್ಟರೆ ಸಾಕು, ಬಡ್ಡಿ ಇಲ್ಲ. ಮೊಮ್ಮಗನನ್ನಂತೂ ಕೇಳುವ ಹಾಗಿಲ್ಲ. ಒಂಬೈನೂರು ವರ್ಷಗಳ ಹಿಂದೆಯೇ ಹೊಣೆಗೆ ಒಂದು ಬೇಲಿ ಹಾಕಿದ್ದರು, ಗಮನಿಸಿ.

ಇಂಗ್ಲಿಷರು ತಂದ 1872ರ ಕರಾರು ಕಾಯ್ದೆಯಲ್ಲಿ ಈ ಬೇಲಿ ತೆಳುವಾಯಿತು. ಅದರ 128ನೇ ಸೆಕ್ಷನ್ ಪ್ರಕಾರ, ಕರಾರಿನಲ್ಲಿ ಬೇರೆ ಮಾತು ಬರೆದಿರದಿದ್ದರೆ, ಸಾಲಗಾರನ ಹೊಣೆ ಎಷ್ಟೋ ಜಾಮೀನುದಾರನ ಹೊಣೆಯೂ ಅಷ್ಟೇ. "ಮೊದಲು ಅವನನ್ನು ಹಿಡಿಯಿರಿ, ಆಮೇಲೆ ನನ್ನ ಹತ್ತಿರ ಬನ್ನಿ" ಅನ್ನುವ ವಾದವೂ ನಡೆಯಲ್ಲ. ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ 1968ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟವಾಗಿ ಹೇಳಿತು.

ಇನ್ನು ಸಾಂಕ್ರಾಮಿಕ ರೋಗದ ಕಾನೂನು. 1896ರಲ್ಲಿ ಮುಂಬಯಿಗೆ ಪ್ಲೇಗ್ ಬಂದಾಗ, ಮರುವರ್ಷ ಅವಸರದಲ್ಲಿ ನಾಲ್ಕೇ ಸೆಕ್ಷನ್ನುಗಳ ಎಪಿಡೆಮಿಕ್ ಡಿಸೀಸಸ್ ಕಾಯ್ದೆ ಮಾಡಿದರು. ಸದ್ಭಾವನೆಯಿಂದ ಕೆಲಸ ಮಾಡಿದವರ ಮೇಲೆ ದಾವೆ ಹೂಡಬಾರದು ಅಂತ ನಾಲ್ಕನೆಯ ಸೆಕ್ಷನ್. ಸರ್ಕಾರಿ ಅಧಿಕಾರಿಗೆ ಇದರಿಂದ ರಕ್ಷಣೆ ಸಿಕ್ಕಿತು. ಬಾಡಿಗೆ, ಸಾಲ, ಜಾಮೀನು ಇವುಗಳ ಬಗ್ಗೆ ಒಂದಕ್ಷರ ಇಲ್ಲ. 1994ರ ಸೆಪ್ಟೆಂಬರಿನಲ್ಲಿ ಸೂರತ್‌ನಲ್ಲಿ ಪ್ಲೇಗ್ ಕಾಣಿಸಿಕೊಂಡು ಲಕ್ಷಗಟ್ಟಲೆ ಜನ ರೈಲು ಬಸ್ಸು ಹತ್ತಿ ಊರು ಬಿಟ್ಟಾಗಲೂ ಇದೇ ಕಾಯ್ದೆ. 2020ರಲ್ಲೂ ಇದೇ.

ಹಾಗಂತ 2020ರಲ್ಲಿ ಸರ್ಕಾರ ಸುಮ್ಮನೆ ಕೂತಿರಲಿಲ್ಲ. ಯಾರಿಗೆ ಏನು ಸಿಕ್ಕಿತು ನೋಡಿ. ಬ್ಯಾಂಕಿನ ಕಂತು ಕಟ್ಟುವವರಿಗೆ ರಿಸರ್ವ್ ಬ್ಯಾಂಕ್ ಮಾರ್ಚಿನಿಂದ ಆಗಸ್ಟ್‌ವರೆಗೆ ಬಿಡುವು ಕೊಟ್ಟಿತು. ಕೂಲಿಕಾರರ ಮನೆ ಬಾಡಿಗೆಯನ್ನು ಒಂದು ತಿಂಗಳು ಕೇಳಬೇಡಿ ಅಂತ ಗೃಹ ಇಲಾಖೆ ಮಾರ್ಚ್ 29ರಂದು ಆದೇಶಿಸಿತು. ಕಂಪನಿಗಳಿಗೆ ದಿವಾಳಿ ಸಂಹಿತೆಯಲ್ಲಿ 10ಎ ಅಂತ ಹೊಸ ಸೆಕ್ಷನ್ ಬಂತು: 2020ರ ಮಾರ್ಚ್ 25ರಿಂದ ಒಂದು ವರ್ಷದೊಳಗೆ ಬಾಕಿ ಉಳಿದ ಹಣಕ್ಕಾಗಿ ಕಂಪನಿಯನ್ನು ಯಾವತ್ತಿಗೂ ದಿವಾಳಿ ಕಟಕಟೆಗೆ ಎಳೆಯುವಂತಿಲ್ಲ. ಸಣ್ಣ ಉದ್ಯಮಗಳ ಸಾಲಕ್ಕೆ ಸರ್ಕಾರ ತಾನೇ ಮೂರು ಲಕ್ಷ ಕೋಟಿಯ ತನಕ ಜಾಮೀನು ನಿಂತಿತು! ಆದರೆ ಆ ಜಾಮೀನು ಕಾಪಾಡಿದ್ದು ಸಾಲ ಕೊಟ್ಟ ಬ್ಯಾಂಕನ್ನು.

ಅಂಗಡಿ ಬಾಡಿಗೆಗೆ ಸಹಿ ಹಾಕಿದವನ ಹೆಸರು ಈ ಪಟ್ಟಿಯಲ್ಲಿ ಎಲ್ಲೂ ಇಲ್ಲ. 10ಎ ಸೆಕ್ಷನ್ ತಡೆದದ್ದು ಕಂಪನಿಯ ಮೇಲಿನ ಅರ್ಜಿಗಳನ್ನು ಮಾತ್ರ. ಕಂಪನಿಗೆ ಜಾಮೀನು ನಿಂತ ವ್ಯಕ್ತಿಗಳ ಮೇಲೆ ಅರ್ಜಿ ಹಾಕುವ ಭಾಗ 2019ರ ಡಿಸೆಂಬರ್ 1ರಿಂದಲೇ ಜಾರಿಗೆ ಬಂದಿತ್ತು, ಅದನ್ನು 10ಎ ಹೆಸರಿಸಲೇ ಇಲ್ಲ. ದೆಹಲಿಯ ಖಾನ್ ಮಾರ್ಕೆಟ್ಟಿನ ಅಂಗಡಿಯೊಂದರ ಮೊಕದ್ದಮೆಯಲ್ಲಿ 2020ರ ಮೇ 21ರಂದು ಹೈಕೋರ್ಟ್, ಜಾಗ ಬಿಡದೆ ಇಟ್ಟುಕೊಂಡವನಿಗೆ ಕರಾರಿನಲ್ಲಿ ಬರೆದಿಲ್ಲದಿದ್ದರೆ ಲಾಕ್‌ಡೌನ್ ನೆಪದಲ್ಲಿ ಬಾಡಿಗೆ ಮಾಫಿ ಇಲ್ಲ, ಕಟ್ಟಲು ಸ್ವಲ್ಪ ಸಮಯ ಕೊಡಬಹುದು, ಅಷ್ಟೇ ಅಂದಿತು. ಸರಿಯಾಗಿ ಒಂದು ವರ್ಷಕ್ಕೆ, 2021ರ ಮೇ 21ರಂದು ಸುಪ್ರೀಂ ಕೋರ್ಟ್ ಲಲಿತ್ ಕುಮಾರ್ ಜೈನ್ ಪ್ರಕರಣದಲ್ಲಿ, ಕಂಪನಿಯ ಪುನಶ್ಚೇತನ ಯೋಜನೆಗೆ ಒಪ್ಪಿಗೆ ಸಿಕ್ಕ ಮಾತ್ರಕ್ಕೆ ಜಾಮೀನುದಾರನ ಹೊಣೆ ತಾನಾಗಿ ಹೋಗುವುದಿಲ್ಲ ಅಂತ ತೀರ್ಪು ಕೊಟ್ಟಿತು. ಅಂದರೆ ಸಾಲ ಮಾಡಿದ ಕಂಪನಿ ಹೊಸ ಕೈಗೆ ಹೋಗಿ ಹಗುರಾಗಬಹುದು, ಸಹಿ ಹಾಕಿದವನಿಗೆ ಬಿಡುಗಡೆ ಇಲ್ಲ.

ಬೇರೆ ದೇಶದಲ್ಲಿ ಏನು ಮಾಡಿದರು? ಎರಡು ಊರುಗಳ ಕಥೆ ಹೇಳ್ತೀನಿ. ಸಿಂಗಪುರ 2020ರ ಏಪ್ರಿಲ್‌ನಲ್ಲೇ ಒಂದು ತಾತ್ಕಾಲಿಕ ಕಾಯ್ದೆ ತಂದಿತು. ಕೋವಿಡ್‌ನಿಂದ ಬಾಡಿಗೆ ಕಟ್ಟಲಾಗದವನು ನೋಟಿಸು ಕೊಟ್ಟರೆ, ಅವನ ಮೇಲಷ್ಟೇ ಅಲ್ಲ, ಅವನ ಜಾಮೀನುದಾರನ ಮೇಲೂ ಕೆಲವು ತಿಂಗಳು ದಾವೆ ಹೂಡುವಂತಿಲ್ಲ. ಸಾಲ ಮಾತ್ರ ಹಾಗೇ ಉಳಿಯುತ್ತದೆ. ನ್ಯೂಯಾರ್ಕ್ ನಗರ ಅದೇ ಮೇ ತಿಂಗಳಲ್ಲಿ ಇನ್ನೂ ಮುಂದೆ ಹೋಯಿತು. ಸರ್ಕಾರಿ ಆದೇಶದಿಂದ ಮುಚ್ಚಿದ ಹೋಟೆಲು, ಜಿಮ್ಮು, ಕ್ಷೌರದಂಗಡಿ ಮುಂತಾದವುಗಳಿಗೆ ಜಾಮೀನು ನಿಂತ ವ್ಯಕ್ತಿಗಳಿಂದ ಆ ಅವಧಿಯ ಬಾಕಿಯನ್ನು ಯಾವತ್ತಿಗೂ ವಸೂಲು ಮಾಡುವಂತಿಲ್ಲ ಅಂತ ಕಾನೂನು ಮಾಡಿತು. ಮೊದಲು ಸೆಪ್ಟೆಂಬರ್‌ವರೆಗೆ ಅಂದದ್ದು ಕೊನೆಗೆ 2021ರ ಜೂನ್ 30ರವರೆಗೆ ಬೆಳೆಯಿತು. ಕಟ್ಟಡದ ಮಾಲೀಕರು ಕೋರ್ಟಿಗೆ ಹೋದರು. ಈ ಮಾಫಿ ಶಾಶ್ವತ, ಜಾಮೀನುದಾರ ನಿಜಕ್ಕೂ ಕಷ್ಟದಲ್ಲಿದ್ದಾನೋ ಇಲ್ಲವೋ ಅಂತ ನೋಡಿಲ್ಲ, ಹೊರೆಯೆಲ್ಲ ಮಾಲೀಕನ ತಲೆಗೇ ಕಟ್ಟಿದೆ ಅಂತ ಮೇಲಿನ ಕೋರ್ಟ್ 2021ರ ಅಕ್ಟೋಬರಿನಲ್ಲಿ ಗಂಭೀರ ಅನುಮಾನ ಎತ್ತಿತು. 2023ರ ಮಾರ್ಚ್ 31ರಂದು ಕೆಳಗಿನ ಫೆಡರಲ್ ಕೋರ್ಟ್ ಆ ಕಾನೂನು ಸಂವಿಧಾನಬಾಹಿರ ಅಂದಿತು.

ನನಗನ್ನಿಸುವುದು ಇಷ್ಟು. ಮಾಲೀಕನೂ ಬ್ಯಾಂಕಿನ ಕಂತು ಕಟ್ಟುವ ಮನುಷ್ಯನೇ, ಒಬ್ಬ ಬಡಪಾಯಿಯ ಹೊರೆಯನ್ನು ಇನ್ನೊಬ್ಬ ಬಡಪಾಯಿಗೆ ದಾಟಿಸಿದರೆ ನ್ಯಾಯವಾಗಲ್ಲ. ಆದರೆ ಅಂಗಡಿ ಮುಚ್ಚಿಸಿದ್ದು ಸರ್ಕಾರವೇ ಆದಾಗ, ಬಾಡಿಗೆದಾರನಿಗೂ ಅವನಿಗೆ ಸಹಿ ಹಾಕಿದವನಿಗೂ ಒಂದಷ್ಟು ಕಾಲಾವಕಾಶ ಕೊಡುವುದನ್ನು ಸರ್ಕಾರವೇ ಕಾನೂನಿನಲ್ಲಿ ಬರೆಯಬೇಕು. ಸಿಂಗಪುರಕ್ಕೆ ಹೊಳೆದದ್ದು ನಮಗೆ ಹೊಳೆಯಬಾರದೇ?

ಅಲ್ಲಿಯವರೆಗೆ ನಮ್ಮ ಕೈಯಲ್ಲಿರುವುದು ಕರಾರಿನ ಕಾಗದ. 128ನೇ ಸೆಕ್ಷನ್ನಿನಲ್ಲೇ 'ಬೇರೆ ಮಾತು ಬರೆದಿರದಿದ್ದರೆ' ಅಂತಿದೆಯಲ್ಲ, ಆ ಬೇರೆ ಮಾತನ್ನು ಬರೆಸಿ. ನನ್ನ ಹೊಣೆ ಇಂತಿಷ್ಟು ರೂಪಾಯಿ ಮೀರಬಾರದು, ಇಂತಿಷ್ಟು ತಿಂಗಳು ಮೀರಬಾರದು, ಸರ್ಕಾರ ಅಂಗಡಿ ಮುಚ್ಚಿಸಿದ ದಿನಗಳಿಗೆ ಅನ್ವಯವಾಗಬಾರದು. ಇನ್ನೊಂದು ವಿಷಯ: 133ನೇ ಮತ್ತು 135ನೇ ಸೆಕ್ಷನ್ ಪ್ರಕಾರ, ನಿಮ್ಮನ್ನು ಕೇಳದೆ ಮಾಲೀಕ ಮತ್ತು ಬಾಡಿಗೆದಾರ ಕರಾರು ಬದಲಿಸಿದರೆ ಅಥವಾ ಗಡುವು ಮುಂದೂಡುವ ಒಪ್ಪಂದ ಮಾಡಿಕೊಂಡರೆ ನಿಮಗೆ ಬಿಡುಗಡೆ ಸಿಗಬಹುದು. ಅಚ್ಚಾದ ಕರಾರುಗಳಲ್ಲಿ ಈ ಹಕ್ಕನ್ನೇ ಬಿಟ್ಟುಕೊಡುವ ಸಾಲು ಎಲ್ಲೋ ಒಂದು ಕಡೆ ಅಡಗಿರುತ್ತದೆ. ಅದನ್ನು ಹುಡುಕಿ ಹೊಡೆದುಹಾಕಿಸಿ.

ಪರಊರಿನಲ್ಲಿ ಒಬ್ಬರಿಗೊಬ್ಬರು ಜಾಮೀನು ನಿಲ್ಲದೆ ನಮ್ಮವರು ಬೆಳೆದಿಲ್ಲ, ಮುಂದೆಯೂ ಬೆಳೆಯಲಾರರು. ಹಾಗಾಗಿ ಸಹಿ ಹಾಕಬೇಡಿ ಅಂತ ನಾನು ಹೇಳಲಾರೆ. ಕೊನೆಯ ಪುಟಕ್ಕೆ ಹೋಗುವ ಮೊದಲು ಹಿಂದಿನ ಪುಟಗಳನ್ನು ಓದಿ ಅಂತಷ್ಟೇ ಹೇಳ್ತೀನಿ.