ಪದ್ಮಿನಿಯ ಬ್ರೇಕು ಮತ್ತು ಕಲ್ನಾರಿನ ಪುಡಿ

ಮುಂಬಯಿಯ ಕೊನೆಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿ ತಾಡದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ನಗರದಲ್ಲಿ ಟ್ಯಾಕ್ಸಿಗೆ ಇಪ್ಪತ್ತೇ ವರ್ಷದ ಆಯುಸ್ಸು. ಹಾಗಾಗಿ 2023ರ ಅಕ್ಟೋಬರ್ ಮುಗಿಯುವ ಹೊತ್ತಿಗೆ ಆ ಕಪ್ಪು-ಹಳದಿ ಸಂತತಿ ರಸ್ತೆಯಿಂದ ಇಳಿಯಿತು. ಬೀಳ್ಕೊಡುಗೆಯ ಲೇಖನಗಳು ಬೇಕಾದಷ್ಟು ಬಂದವು. ಸ್ಟೇರಿಂಗಿನ ಕಂಬಕ್ಕೇ ಅಂಟಿಕೊಂಡ ಗೇರು, ಬಾನೆಟ್ಟಿನ ಪಕ್ಕದ ಮೀಟರು, ಸೋಫಾದಂಥ ಹಿಂದಿನ ಸೀಟು ಎಲ್ಲವೂ ಅವುಗಳಲ್ಲಿದ್ದವು. ನಾನು ಓದಿದವುಗಳಲ್ಲಿ ಇರದೆ ಹೋದದ್ದು ಅದರ ಕೀರಲು ದನಿ. ದಾದರ್ ಟಿ.ಟಿ.ಯ ಸಿಗ್ನಲ್ಲಿನಲ್ಲಿ ಹತ್ತು ಪದ್ಮಿನಿಗಳು ಒಟ್ಟಿಗೆ ನಿಂತರೆ ಹಲಗೆಯ ಮೇಲೆ ಸೀಮೆಸುಣ್ಣ ಅಡ್ಡ ಎಳೆದ ಹಾಗೆ ಮೈ ಜುಮ್ಮೆನ್ನುತ್ತಿತ್ತು.

ಟ್ಯಾಕ್ಸಿಗಳು ಹೋದರೂ ಖಾಸಗಿ ಪದ್ಮಿನಿಗಳು ಅಲ್ಲಲ್ಲಿ ಉಳಿದಿವೆ. ಅವುಗಳ ಒಡೆಯರು ಈಗಲೂ ಕೇಳುವ ಮೊದಲ ಪ್ರಶ್ನೆ, ಬ್ರೇಕು ಯಾಕೆ ಕಿರುಚುತ್ತದೆ ಎಂಬುದೇ. ಪ್ರಶ್ನೆ ಸಣ್ಣದು, ಅದರ ಹಿಂದಿನ ಕತೆ ಮಾತ್ರ ನೂರು ವರ್ಷಕ್ಕೂ ಹಳೆಯದು.

ಪದ್ಮಿನಿ ಹುಟ್ಟಿದ್ದು ಕುರ್ಲಾದಲ್ಲಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಕಟ್ಟಿದ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಲ್ಲಿ ಇಟಲಿಯ ಫಿಯೆಟ್ 1100 ಕಾರನ್ನು ಇಲ್ಲಿ ಮಾಡತೊಡಗಿತು. ಅದೇ ವಂಶದ ಕಾರಿಗೆ 1970ರ ದಶಕದಲ್ಲಿ ಪದ್ಮಿನಿ ಎಂಬ ಹೆಸರು ಬಂತು. ಎಂಜಿನ್ 1089 ಸಿ.ಸಿ.; ನಾಲ್ಕು ಚಕ್ರಕ್ಕೂ ಡ್ರಮ್ ಬ್ರೇಕು. ಚಕ್ರದ ಜತೆ ತಿರುಗುವ ಬೀಡುಕಬ್ಬಿಣದ ಡಬ್ಬಿಯೇ ಡ್ರಮ್. ಒಳಗೆ ಅರ್ಧಚಂದ್ರದಾಕಾರದ ಎರಡು ಶೂಗಳು, ಅವುಗಳ ಬೆನ್ನಿಗೆ ಹೊಡೆದ ಲೈನರ್. ಪೆಡಲ್ ತುಳಿದರೆ ಬ್ರೇಕ್ ಆಯಿಲಿನ ಒತ್ತಡಕ್ಕೆ ಶೂಗಳು ಅಗಲಿ ಲೈನರ್ ಡ್ರಮ್ಮಿನ ಒಳಮೈಗೆ ಉಜ್ಜುತ್ತದೆ. ಉಜ್ಜುವಾಗ ಅದು ಹಿಡಿದು ಬಿಟ್ಟು, ಹಿಡಿದು ಬಿಟ್ಟು ಸೆಕೆಂಡಿಗೆ ಸಾವಿರಾರು ಸಲ ನಡುಗಿದರೆ ಡ್ರಮ್ ಗಂಟೆಯಂತೆ ಮಿಡಿಯುತ್ತದೆ. ನಾವು ಕೇಳುವ ಕಿರುಚಾಟ ಅದೇ.

ನಡುಕಕ್ಕೆ ಕಾರಣ ಹಲವು. ಮುಂಬಯಿಯ ಮಳೆಗಾಲದಲ್ಲಿ ರಾತ್ರಿ ಹೊರಗೆ ನಿಂತ ಕಾರಿನ ಡ್ರಮ್ಮಿನೊಳಗೆ ತೆಳು ತುಕ್ಕು ಹಿಡಿಯುತ್ತದೆ. ಬೆಳಿಗ್ಗೆ ನಾಲ್ಕೈದು ಸಲ ಬ್ರೇಕ್ ಹಾಕುವಷ್ಟರಲ್ಲಿ ಸದ್ದು ನಿಂತರೆ ಅದಕ್ಕೆ ಮದ್ದು ಬೇಕಿಲ್ಲ. ಸದ್ದು ದಿನವಿಡೀ ಉಳಿದರೆ ಡ್ರಮ್ ಬಿಚ್ಚಲೇಬೇಕು. ಲೈನರ್ ಕನ್ನಡಿಯಂತೆ ಹೊಳೆಯುತ್ತಿದ್ದರೆ ಟ್ರಾಫಿಕ್ಕಿನಲ್ಲಿ ಗಳಿಗೆಗೊಮ್ಮೆ ಹಗುರಾಗಿ ತುಳಿದು ತುಳಿದು ಅದರ ಮೈ ಕಾದು ಗಟ್ಟಿಯಾಗಿದೆ ಎಂದರ್ಥ. ಲೈನರ್ ಒದ್ದೆಯಾಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ. ಆಗ ಸದ್ದಿನ ಮಾತು ಬಿಟ್ಟು ಮೊದಲು ಸೋರಿಕೆ ನಿಲ್ಲಿಸಬೇಕು, ಎಣ್ಣೆ ಕುಡಿದ ಲೈನರನ್ನು ಬದಲಿಸಬೇಕು. ಶೂವನ್ನು ಹಿಂದಕ್ಕೆಳೆಯುವ ಸ್ಪ್ರಿಂಗ್ ಸಡಿಲಾಗಿರಬಹುದು. ಶೂ ಕೂರುವ ಹಿಂಬದಿಯ ತಗಡಿನ ಉಬ್ಬುಗಳು ಒಣಗಿರಬಹುದು. ಅಲ್ಲಿಗೆ ಬಿಸಿ ತಾಳುವ ಗ್ರೀಸನ್ನು ಒಂದು ಚಿಟಿಕೆಯಷ್ಟು ಹಚ್ಚಿದರೆ ಸಾಕು, ಹೆಚ್ಚಾದರೆ ಅದು ಲೈನರಿಗೇ ಹರಿಯುತ್ತದೆ. ಕೀರಲಿನ ಬದಲು ಕರಕರ ಎಂದು ತುರಿಯುವ ಸದ್ದು ಬಂದರೆ ಲೈನರ್ ಸವೆದು ರಿವೆಟ್ಟೇ ಡ್ರಮ್ಮನ್ನು ಕೆರೆಯುತ್ತಿದೆ. ಅಂಥ ಕಾರನ್ನು ಓಡಿಸಬಾರದು.

ಮಿಸ್ತ್ರಿಗಳ ಮದ್ದು ಮೂರು ಹಂತದ್ದು. ಹವಾ ಪೈಪು ಹಿಡಿದು ಡ್ರಮ್ಮಿನ ಪುಡಿಯನ್ನೆಲ್ಲ ಊದುವುದು. ಎಮರಿ ಪೇಪರಿನಿಂದ ಲೈನರಿನ ಹೊಳಪು ತೆಗೆಯುವುದು. ಆಮೇಲೆ ಅರ ಹಿಡಿದು ಲೈನರಿನ ಎರಡು ತುದಿಗಳ ಅಂಚನ್ನು ಇಳಿಜಾರಾಗಿ ಉಜ್ಜುವುದು. ಚೂಪು ಅಂಚು ಹೋದರೆ ಲೈನರ್ ಡ್ರಮ್ಮನ್ನು ಕಚ್ಚದೆ ಮೆತ್ತಗೆ ಕೂರುತ್ತದೆ. ಇದರಿಂದ ಸದ್ದು ನಿಲ್ಲುವುದೂ ನಿಜ. ತೊಂದರೆಯಿದ್ದದ್ದು ಆ ಪುಡಿಯಲ್ಲಿ.

ಅದನ್ನು ತಿಳಿಯಲು ಇಂಗ್ಲೆಂಡಿಗೆ ಹೋಗಬೇಕು. ಡರ್ಬಿಶೈರಿನ ಗುಡ್ಡಗಳಲ್ಲಿ ಕುದುರೆಗಾಡಿಯವರು ಇಳಿಜಾರಿನಲ್ಲಿ ಮರದ ಬ್ರೇಕು ಜಾರದಿರಲೆಂದು ಅದಕ್ಕೆ ಹಳೆಯ ಬೂಟಿನ ಚರ್ಮ ಹೊಡೆಯುತ್ತಿದ್ದರಂತೆ. ಹರ್ಬರ್ಟ್ ಫ್ರೂಡ್ ಎಂಬಾತ ಅದನ್ನು ಕಂಡು 1897ರಲ್ಲಿ ಬ್ರೇಕಿಗೆಂದೇ ಲೈನರ್ ಮಾಡುವ ಉದ್ಯಮ ಹೂಡಿದ. ತನ್ನ ಹೆಸರಿನ ಅಕ್ಷರಗಳ ಜತೆ ಹೆಂಡತಿ ಎಲಿಜಬೆತ್‌ಳ ಮೊದಲಕ್ಷರ ಕಲಸಿ ಕಂಪನಿಗೆ ಫೆರೊಡೊ ಎಂದು ಹೆಸರಿಟ್ಟ. ಇತ್ತ ಬರ್ಮಿಂಗ್‌ಹ್ಯಾಮಿನ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲಿ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದ. ಅದರಲ್ಲಿ ತಾಮ್ರ ಲೋಹದ ತಟ್ಟೆಗೆ ಉಜ್ಜುವಾಗ ಏಳುತ್ತಿದ್ದ ಚೀತ್ಕಾರವನ್ನು ಯಾರೂ ಸಹಿಸುವಂತಿರಲಿಲ್ಲ. ಕೆಲವೇ ವರ್ಷಗಳಲ್ಲಿ ಅದಕ್ಕೆ ಪರಿಹಾರ ಸಿಕ್ಕಿತು: ಲೋಹದ ಜಾಗಕ್ಕೆ ಕಲ್ನಾರಿನ ಲೈನರ್. ಬಿಸಿಗೆ ಸುಡುವುದಿಲ್ಲ, ಅಗ್ಗ, ಸದ್ದು ಕಡಿಮೆ. ಆಮೇಲಿನ ಮುಕ್ಕಾಲು ಶತಮಾನ ಜಗತ್ತಿನ ಬಹುಪಾಲು ಕಾರುಗಳು ಕಲ್ನಾರನ್ನು ಉಜ್ಜಿಕೊಂಡೇ ನಿಂತವು.

ಕಲ್ನಾರು, ಎಂದರೆ ಆಸ್ಬೆಸ್ಟಾಸ್. ನಮ್ಮ ಭಾಷೆಯ ಹೆಸರೇ ಎಲ್ಲವನ್ನೂ ಹೇಳುತ್ತದೆ: ಕಲ್ಲು, ಆದರೆ ನಾರು. ಕಣ್ಣಿಗೆ ಕಾಣದ ಆ ನಾರು ಶ್ವಾಸಕೋಶ ಸೇರಿದರೆ ಹೊರಬರುವುದು ಕಷ್ಟ. ಆಸ್ಬೆಸ್ಟೋಸಿಸ್ ಎಂಬ ಉಸಿರಿನ ಕಾಯಿಲೆಯೋ ಕ್ಯಾನ್ಸರೋ ತಲೆಯೆತ್ತಲು ಇಪ್ಪತ್ತು, ಮೂವತ್ತು ವರ್ಷ ಬೇಕು. ಅಷ್ಟರಲ್ಲಿ ಕೆಲಸಗಾರ ನಿವೃತ್ತನಾಗಿ ಊರು ಸೇರಿರುತ್ತಾನೆ.

ಫೆರೊಡೊ ಹೆಸರು ಮುಂಬಯಿಗೂ ಬಂತು. ಘಾಟ್‌ಕೋಪರ್‌ನ ಹಿಂದೂಸ್ತಾನ್ ಫೆರೊಡೊ ಇಲ್ಲಿ ಬ್ರೇಕ್ ಲೈನರ್ ತಯಾರಿಸುತ್ತಿತ್ತು. ಕುರ್ಲಾ ಅಲ್ಲಿಗೆ ಕೂಗಳತೆಯ ದೂರ. ಸುಪ್ರೀಂ ಕೋರ್ಟ್ 1995ರ ಜನವರಿ 27ರ ತೀರ್ಪಿನಲ್ಲಿ ಕಲ್ನಾರು ಕಾರ್ಮಿಕರ ಆರೋಗ್ಯವನ್ನು ಬದುಕುವ ಹಕ್ಕಿನ ಭಾಗವೆಂದು ಒಪ್ಪಿ, ಪ್ರತಿಯೊಬ್ಬರ ಆರೋಗ್ಯದ ದಾಖಲೆಯನ್ನು ನಲವತ್ತು ವರ್ಷ ಕಾಪಿಡಬೇಕೆಂದು ಕಾರ್ಖಾನೆಗಳಿಗೆ ಹೇಳಿತು. ಹತ್ತು ವರ್ಷದ ನಂತರ, ಮುಂಬಯಿಯ ಒಂದು ಕಲ್ನಾರು ಕಾರ್ಖಾನೆಯ ಕಾರ್ಮಿಕರನ್ನು ಪರೀಕ್ಷಿಸಿದ ವೈದ್ಯರ ವರದಿ ಪ್ರಕಟವಾಯಿತು. ಐವರಲ್ಲೊಬ್ಬರಿಗಿಂತ ಹೆಚ್ಚು ಮಂದಿಗೆ ಆಸ್ಬೆಸ್ಟೋಸಿಸ್ ಇತ್ತು.

ಕಾರ್ಖಾನೆಯವನಿಗೆ ಹಾಜರಿ ಪುಸ್ತಕವಾದರೂ ಇತ್ತು. ಕುರ್ಲಾದ ಸಿಎಸ್‌ಟಿ ರಸ್ತೆಯ ಗ್ಯಾರೇಜಿನಲ್ಲಿ ಚಕ್ರದ ಮುಂದೆ ಕುಕ್ಕರಗಾಲಲ್ಲಿ ಕೂತು ಹವಾ ಪೈಪು ಹಿಡಿದ ಹುಡುಗನಿಗೆ ಅದೂ ಇರಲಿಲ್ಲ. ಬ್ರೇಕಿನ ಬಿಸಿಗೆ ಕಲ್ನಾರಿನ ಬಹುಪಾಲು ಬೇರೆ ಖನಿಜವಾಗಿ ಮಾರ್ಪಡುತ್ತದೆ, ಸವೆದ ಪುಡಿಯಲ್ಲಿ ಉಳಿಯುವುದು ಸ್ವಲ್ಪವೇ ಎಂದು ಲೈನರ್ ಉದ್ಯಮ ವಾದಿಸುತ್ತಿತ್ತು. ಮಾತು ಸುಳ್ಳಲ್ಲ. ಆದರೆ ಹೊಸ ಲೈನರಿನ ಅಂಚನ್ನು ಅರದಿಂದ ಉಜ್ಜುವಾಗ ಬಿಸಿಯೆಲ್ಲಿ? ಅಲ್ಲಿ ಏಳುವುದು ಮಾರ್ಪಡದ ಹಸಿ ನಾರು. ಹಿಂದೆ ಕೂತ ನಮ್ಮ ಕಿವಿಗೆ ಹಿತವಾಗಲೆಂದು ಮಾಡುತ್ತಿದ್ದ ಕೆಲಸವೇ ಅವನ ಪಾಲಿಗೆ ಎಲ್ಲಕ್ಕಿಂತ ಕೆಟ್ಟದ್ದು. ಪದ್ಮಿನಿಯ ಬಗ್ಗೆ ಬರುವ ಸಿಹಿ ನೆನಪುಗಳನ್ನು ಓದುವಾಗ ನನಗೆ ಇಷ್ಟು ಮಾತ್ರ ಕಹಿಯೆನಿಸುತ್ತದೆ.

ಈಗ ಕಲ್ನಾರಿಲ್ಲದ ಲೈನರ್ ಸಿಗುತ್ತದೆ. ಕೊಳ್ಳುವಾಗ ಡಬ್ಬಿಯ ಮೇಲೆ ಹಾಗೆಂದು ಬರೆದಿರುವುದನ್ನು ನೋಡಿಯೇ ಕೊಳ್ಳಿ. ಗುಜರಿಯಲ್ಲಿ ಸಿಗುವ ಹಳೆಯ ಶೂ ಎಷ್ಟೇ ಅಗ್ಗವಾದರೂ ಬೇಡ. ನಿಮ್ಮ ಕಾರಿನಲ್ಲಿ ಈಗಿರುವ ಲೈನರ್ ಎಂದಿನದೋ ಗೊತ್ತಿಲ್ಲದಿದ್ದರೆ ಅದು ಕಲ್ನಾರಿನದೇ ಎಂದುಕೊಳ್ಳಿ. ಡ್ರಮ್ ಬಿಚ್ಚಿದ ಕೂಡಲೇ ಊದಲು, ಗುಡಿಸಲು ಬಿಡಬೇಡಿ. ಸಾಬೂನು ನೀರನ್ನು ಮೆತ್ತಗೆ ಸಿಂಪಡಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆ ಒಣಗುವ ಮೊದಲೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ಹೊಳಪು ಹತ್ತಿದ ಹಳೆಯ ಲೈನರನ್ನು ಎಮರಿ ಹಿಡಿದು ಉಜ್ಜುವ ಬದಲು ಹೊಸದನ್ನೇ ಹಾಕಿಸಿ. ಡ್ರಮ್ಮಿನಲ್ಲಿ ಗೀರು ಬಿದ್ದಿದ್ದರೆ, ಒರೆಸಿ ಶುಚಿ ಮಾಡಿದ ಮೇಲೆಯೇ ಲೇತಿಗೆ ಕೊಡಿ. ಮಿಸ್ತ್ರಿ ನಕ್ಕು, ಮೂವತ್ತು ವರ್ಷದಿಂದ ಊದುತ್ತಿದ್ದೇನೆ, ಏನೂ ಆಗಿಲ್ಲ ಎನ್ನಬಹುದು. ನೀರಿನ ಬಾಟಲಿ ನಿಮ್ಮ ಕೈಯಲ್ಲೇ ಇರಲಿ.