ಮದರಾಸಿನ ಚರ್ಮ, ಚೆನ್ನೈನ ಓಟ

ಚೆನ್ನೈ ಮ್ಯಾರಥಾನ್‌ನ ಚರಿತ್ರೆಯನ್ನು 2006ರಲ್ಲಿ ಒಗ್ಗೂಡಿದ ‘ಚೆನ್ನೈ ರನ್ನರ್ಸ್’ ಬಳಗದಿಂದ, ಅದು 2012ರ ಡಿಸೆಂಬರ್‌ನಲ್ಲಿ ಏರ್ಪಡಿಸಿದ ಓಟದಿಂದ ಆರಂಭಿಸುವುದು ರೂಢಿ. ಆದರೆ ಓಟಗಾರರ ಸಿದ್ಧತೆಯಲ್ಲಿ ಎಲ್ಲಕ್ಕಿಂತ ಹೆಚ್ಚು ಚರ್ಚೆಗೊಳಗಾಗುವ ಪಾದರಕ್ಷೆಯ ಕಡೆಯಿಂದ ನೋಡಿದರೆ ಈ ಕಥೆ ಇನ್ನೂ ನೂರು ವರ್ಷ ಹಿಂದಕ್ಕೆ ಸರಿಯುತ್ತದೆ. ಏಕೆಂದರೆ ಹೊರನಾಡುಗಳ ಬೂಟುಗಳಿಗೆ ಚರ್ಮ ಒದಗಿಸುತ್ತಿದ್ದ ಮದರಾಸು ಮ್ಯಾರಥಾನ್ ನಗರವಾದದ್ದು ಓಟದ ಶೂ ಚರ್ಮವನ್ನೇ ತೊರೆದ ಮೇಲೆ.

ಹಸಿ ಚರ್ಮ ಕೊಳೆಯದಂತೆ ಸಂಸ್ಕರಿಸುವುದನ್ನು ಹದ ಮಾಡುವುದು ಎನ್ನುತ್ತಾರೆ. ದಕ್ಷಿಣ ಭಾರತದಲ್ಲಿ ಈ ಕೆಲಸ ಬಹುಕಾಲ ನಡೆದದ್ದು ಬಯಲುಸೀಮೆಯಲ್ಲಿ ಹಳದಿ ಹೂ ಬಿಡುವ ತಂಗಡಿ ಗಿಡದ, ತಮಿಳಿನಲ್ಲಿ ಆವಾರಂ ಎನ್ನುವ ಗಿಡದ, ತೊಗಟೆಯಿಂದ. ಹೀಗೆ ಅರೆ ಹದಗೊಂಡ ಚರ್ಮ ಪೆರಿಯಮೇಡಿನ ಮಂಡಿಗಳಲ್ಲಿ ಕೈಬದಲಾಗಿ ಮದರಾಸು ಬಂದರಿನಿಂದ ಹಡಗೇರುತ್ತಿತ್ತು. ಮೊದಲ ಮಹಾಯುದ್ಧದ ವರ್ಷಗಳಲ್ಲಿ ಬ್ರಿಟಿಷ್ ಸೈನ್ಯದ ಬೂಟುಗಳ ಮೇಲ್ಭಾಗಕ್ಕಾಗಿ ಸರ್ಕಾರವೇ ಅದನ್ನು ಕೊಂಡುಕೊಂಡಿತು. ಇಷ್ಟಾದರೂ ಚರ್ಮ ಇಲ್ಲಿನದು, ಬೂಟು ಮತ್ತು ಅದರ ಲಾಭ ಬೇರೆಡೆಯದು ಎಂಬ ಸ್ಥಿತಿ ಬದಲಾಗಲಿಲ್ಲ.

ಅದನ್ನು ಬದಲಿಸಲು ಯತ್ನಿಸಿದವರಲ್ಲಿ ಮುಖ್ಯರು ಆಲ್‌ಫ್ರೆಡ್ ಚಾಟರ್ಟನ್. ಮದರಾಸಿನ ಸ್ಕೂಲ್ ಆಫ್ ಆರ್ಟ್ಸ್‌ನಲ್ಲಿ ಅವರು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಕ್ರೋಮ್ ಹದದ, ಅಂದರೆ ತೊಗಟೆಗೆ ಬದಲಾಗಿ ಕ್ರೋಮಿಯಂ ಲವಣಗಳಿಂದ ಚರ್ಮ ಸಂಸ್ಕರಿಸುವ ವಿಧಾನದ, ಪ್ರಯೋಗಗಳನ್ನು ನಡೆಸಿದರು. ವಾರಗಟ್ಟಲೆಯ ಕೆಲಸವನ್ನು ಕೆಲವೇ ದಿನಗಳಿಗೆ ಇಳಿಸುವ ಈ ವಿಧಾನದಿಂದ ಹದಗೊಂಡ ಚರ್ಮ ನೀರನ್ನು ತಾಳಿಕೊಳ್ಳುತ್ತಿದ್ದುದರಿಂದ, ಕಪಿಲೆ ಹೊಡೆದು ಬಾವಿಯ ನೀರೆತ್ತುವ ಚರ್ಮದ ಚೀಲಗಳಿಗೂ ಚಪ್ಪಲಿಗಳಿಗೂ ಅದನ್ನು ಬಳಸಲಾಯಿತು. ಆದರೆ ಸರ್ಕಾರ ತಾನೇ ಕಾರ್ಖಾನೆ ನಡೆಸಬಾರದೆಂಬ ಐರೋಪ್ಯ ವರ್ತಕರ ಆಕ್ಷೇಪ ಗೆದ್ದು, 1910ರಲ್ಲಿ ಸರ್ಕಾರದ ಈ ಕ್ರೋಮ್ ಹದದ ಘಟಕ ರೀವಾ ಸಂಸ್ಥಾನಕ್ಕೆ ಮಾರಾಟವಾಯಿತು. ಚಾಟರ್ಟನ್ 1912ರಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದುದನ್ನು ನೆನೆದರೆ, ಮದರಾಸು ಕಳೆದುಕೊಂಡದ್ದನ್ನು ಮೈಸೂರು ಪಡೆಯಿತೆನ್ನಬಹುದು. ಕ್ರೋಮ್ ಹದ ಮಾತ್ರ ಊರು ಬಿಡಲಿಲ್ಲ; ಚೇಂಬರ್ಸ್ ಎಂಬ ಉದ್ಯಮಿಯ ಕ್ರೋಮ್ ಲೆದರ್ ಕಂಪನಿಯಿಂದಲೇ ಕ್ರೋಂಪೇಟೆಗೆ ಆ ಹೆಸರು ಬಂದಿತು, ಮತ್ತು 1948ರಲ್ಲಿ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆಯು ಅಡ್ಯಾರಿನಲ್ಲಿ ನೆಲೆಗೊಂಡಿತು. ಈ ಉದ್ಯಮಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಕೋಲಾರದ ಮೂಲಕ ಹರಿದುಹೋಗುವ ಪಾಲಾರ್ ನದಿಯು ವಾಣಿಯಂಬಾಡಿ, ಆಂಬೂರು, ರಾಣಿಪೇಟೆಗಳ ಹದಮನೆಗಳಿಂದ ಎಷ್ಟು ಕೆಟ್ಟಿತೆಂದರೆ, 1996ರಲ್ಲಿ ಸುಪ್ರೀಂ ಕೋರ್ಟ್ ಮಾಲಿನ್ಯ ಮಾಡಿದವರೇ ಪರಿಹಾರ ತೆರಬೇಕೆಂದು ತೀರ್ಪು ನೀಡಬೇಕಾಯಿತು.

ಇಷ್ಟೆಲ್ಲ ಚರ್ಮ ಹೊರಗೆ ಸಾಗುತ್ತಿದ್ದ ಕಾಲದಲ್ಲಿ ಭಾರತದ ದೂರದೋಟದ ಸ್ಪರ್ಧಿಗಳಲ್ಲಿ ಅನೇಕರು ಬರಿಗಾಲಿನವರು. ಪುಣೆಯ ಡೆಕ್ಕನ್ ಜಿಮ್‌ಖಾನಾ ಕ್ರೀಡಾಕೂಟದಲ್ಲಿ ಬರಿಗಾಲಿನ ರೈತರ ಓಟ ಕಂಡು ಬೆರಗಾದ ದೊರಾಬ್ಜಿ ಟಾಟಾ 1920ರ ಆಂಟ್‌ವರ್ಪ್ ಒಲಿಂಪಿಕ್ಸ್‌ಗೆ ತಂಡವೊಂದನ್ನು ಕಳುಹಿಸಲು ನೆರವಾದರು. ಆ ತಂಡದಲ್ಲಿದ್ದ ಬೆಳಗಾವಿಯ ಫಡೆಪ್ಪ ದಾರೆಪ್ಪ ಚೌಗುಲೆ ಮ್ಯಾರಥಾನ್‌ನಲ್ಲಿ 19ನೆಯವರಾಗಿ ಗುರಿ ಮುಟ್ಟಿದರು. ಬರಿಗಾಲ ಓಟಕ್ಕೆ ಹೆಸರಾದ ಶಿವನಾಥ್ ಸಿಂಗ್ 1978ರಲ್ಲಿ ಜಲಂಧರಿನಲ್ಲಿ ಸ್ಥಾಪಿಸಿದ 2 ಗಂಟೆ 12 ನಿಮಿಷಗಳ ರಾಷ್ಟ್ರೀಯ ದಾಖಲೆ ನಾಲ್ಕು ದಶಕ ಮೀರಿ ಉಳಿಯಿತು. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಬರಿಗಾಲಲ್ಲಿ ಗೆದ್ದದ್ದನ್ನು ಪಾದರಕ್ಷೆಯ ನಿರಾಕರಣೆಯೆಂದು ಬಣ್ಣಿಸುವವರುಂಟು. ವಾಸ್ತವದಲ್ಲಿ ಅಲ್ಲಿ ದೊರೆತ ಹೊಸ ಶೂ ಪಾದಕ್ಕೆ ಹೊಂದದಿದ್ದುದೇ ಅದಕ್ಕೆ ಕಾರಣ, ಮತ್ತು 1964ರ ಟೋಕಿಯೊದಲ್ಲಿ ಅವರು ಶೂ ತೊಟ್ಟೇ ಮತ್ತೆ ಗೆದ್ದರು.

ಓಟದ ಶೂಗಳ ಮೇಲ್ಭಾಗದಿಂದ ಚರ್ಮ ಮರೆಯಾದದ್ದು 1960ರ ದಶಕದ ಕೊನೆಯಿಂದೀಚೆಗೆ. ಹಗುರವೂ ಬೇಗ ಒಣಗುವಂಥದೂ ಆದ ನೈಲಾನ್ ಆ ಜಾಗವನ್ನು ಹಿಡಿಯಿತು. 1970ರ ದಶಕದ ಮಧ್ಯದಲ್ಲಿ ಮಿಡ್‌ಸೋಲ್‌ಗೆ, ಅಂದರೆ ಅಟ್ಟೆಗೂ ಪಾದಕ್ಕೂ ನಡುವಿನ ಮೆತ್ತನೆಯ ಪದರಕ್ಕೆ, ಇವಿಎ ಎಂಬ ಕೃತಕ ನೊರೆ ಬಂದಿತು. ಮಿಡ್‌ಸೋಲ್‌ನ ನಡುವೆ ಕಾರ್ಬನ್ ಫಲಕ ಸೇರಿಸಿದ ದಪ್ಪ ಶೂಗಳು 2017ರಿಂದೀಚೆಗೆ ದಾಖಲೆಗಳನ್ನು ಅಲುಗಾಡಿಸಿದಾಗ, ವಿಶ್ವ ಅಥ್ಲೆಟಿಕ್ಸ್ ಸಂಸ್ಥೆ 2020ರಲ್ಲಿ ರಸ್ತೆ ಓಟದ ಶೂವಿನ ತಳದ ದಪ್ಪಕ್ಕೆ 40 ಮಿಲಿಮೀಟರಿನ ಮಿತಿ ಹಾಕಿತು. ಚರ್ಮದ ಕೌಶಲಕ್ಕೆ ಇಲ್ಲಿ ಕೆಲಸವಿರಲಿಲ್ಲ. ಆದರೂ ಶೂ ತಯಾರಿಕೆ ಚೆನ್ನೈನ ಸುತ್ತಣ ಸೀಮೆಯನ್ನು ಬಿಟ್ಟುಹೋಗಲಿಲ್ಲ. ಚೆಯ್ಯಾರಿನಲ್ಲಿ ನೈಕಿ ಕಂಪನಿಗೂ, ಆಂಧ್ರದ ಗಡಿಯ ತಡದ ಬಳಿ ಅಡಿಡಾಸ್ ಕಂಪನಿಗೂ ಶೂ ತಯಾರಿಸುವ ಹೊರದೇಶೀ ಬಂಡವಾಳದ ಕಾರ್ಖಾನೆಗಳು ಈ ಶತಮಾನದ ಮೊದಲ ದಶಕದಲ್ಲಿ ತಲೆಯೆತ್ತಿದವು. ವಿನ್ಯಾಸ ಮತ್ತು ಹೆಸರು ಹೊರಗಿನವು, ಕೈಗಳು ಇಲ್ಲಿನವು. ಪೆರಿಯಮೇಡಿನ ಹಳೆಯ ಏರ್ಪಾಟು ಅಷ್ಟರಮಟ್ಟಿಗೆ ಮುಂದುವರಿದಿದೆ.

ಈಚಿನ ವರ್ಷಗಳಲ್ಲಿ ಜನವರಿಯ ಮೊದಲ ವಾರದ ಆಸುಪಾಸಿನಲ್ಲಿ, ನಸುಕು ಹರಿಯುವ ಮೊದಲೇ ನೇಪಿಯರ್ ಸೇತುವೆಯಿಂದ ಹೊರಡುವ ಚೆನ್ನೈ ಮ್ಯಾರಥಾನ್‌ನ ಕೊನೆಯ ಸಿದ್ಧತೆಗಳನ್ನು ನಿರ್ಧರಿಸುವುದು ಕಡಲ ದಂಡೆಯ ತೇವವೇ. ಓಟದ ದೂರವನ್ನು ಕೊನೆಯ ಎರಡು ಮೂರು ವಾರಗಳಲ್ಲಿ ಕ್ರಮೇಣ ಇಳಿಸುವ ‘ಟೇಪರಿಂಗ್’ ಎಲ್ಲ ಊರುಗಳಿಗೂ ಸಮಾನ; ಆದರೆ ಚೆನ್ನೈನಲ್ಲಿ ಆರದ ಬೆವರು ಕಾಲಿನ ಮೇಲೆ ಇಳಿದು ಶೂವನ್ನು ನೆನೆಸುತ್ತದೆ, ನೆನೆದ ಕಾಲುಚೀಲ ಬೊಬ್ಬೆ ಎಬ್ಬಿಸುತ್ತದೆ, ಬಹಳ ಹೊತ್ತಿನ ಓಟದಲ್ಲಿ ಪಾದ ಊದಿ ಬೆರಳ ತುದಿ ಶೂವಿಗೆ ಒತ್ತುತ್ತದೆ. ಆದ್ದರಿಂದಲೇ ಬೆರಳ ಮುಂದೆ ಒಂದಿಷ್ಟು ಜಾಗ ಉಳಿಯುವ ಅಳತೆ, ನೀರು ಹಿಡಿದಿಡದ ತೆಳು ಜಾಲರಿಯ ಮೇಲ್ಭಾಗ, ಹತ್ತಿಯದಲ್ಲದ ಕಾಲುಚೀಲ, ಉಜ್ಜುವೆಡೆಗೆ ವ್ಯಾಸಲೀನ್ ಇವು ಇಲ್ಲಿ ದುಬಾರಿ ಫಲಕಕ್ಕಿಂತ ಮುಖ್ಯವಾಗುತ್ತವೆ. ಕಾರ್ಬನ್ ಫಲಕದ ಲಾಭ ವೇಗದ ಓಟಗಾರರಲ್ಲಿ ಕಂಡಷ್ಟು ಖಚಿತವಾಗಿ ನಾಲ್ಕೈದು ಗಂಟೆ ಓಡುವವರಲ್ಲಿ ಕಂಡುಬಂದಿಲ್ಲ. ರೋಮ್‌ನಲ್ಲಿ ಬಿಕಿಲಾಗೆ ಬರಿಗಾಲೆಂಬ ಬದಲಿ ದಾರಿಯಿತ್ತು. ಶೂವಿಗೆ ಒಗ್ಗಿಹೋದ ಇಂದಿನ ನಗರದ ಪಾದಕ್ಕೆ ಅದಿಲ್ಲವಾದ್ದರಿಂದ, ಓಟದ ಮುನ್ನಾದಿನ ಕೊಂಡ ಹೊಸ ಜೋಡಿಗಿಂತ ಹಲವು ದೀರ್ಘ ಓಟಗಳಲ್ಲಿ ನೆನೆದು ಒಣಗಿ ಕಾಲಿಗೆ ಹೊಂದಿಕೊಂಡ ಜೋಡಿಯೇ ಮೇಲು.