ವಿಶಾಲ್ ಸಿಕ್ಕಾ: ಇನ್ಫೋಸಿಸ್ ನಾಯಕತ್ವ (2014–2017)

ವಿಶಾಲ್ ಸಿಕ್ಕಾ ಬೆಂಗಳೂರಿನ ಇನ್ಫೋಸಿಸ್ ಸಂಸ್ಥೆಗೆ ಸ್ಥಾಪಕರ ಬಳಗದ ಹೊರಗಿನಿಂದ ಬಂದ ಮೊದಲ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ಜರ್ಮನಿಯ ಸ್ಯಾಪ್ ಕಂಪನಿಯಲ್ಲಿದ್ದ ಅವರು 2014ರ ಆಗಸ್ಟ್‌ನಲ್ಲಿ ಅಧಿಕಾರ ವಹಿಸಿಕೊಂಡರು.

ಗ್ರಾಹಕರು ಹೇಳಿದ್ದನ್ನಷ್ಟೇ ಮಾಡಿಕೊಡದೆ ನೌಕರರು ಸಮಸ್ಯೆಯನ್ನು ತಾವೇ ಗುರುತಿಸಬೇಕೆಂಬುದು ಅವರ ಧೋರಣೆ. ಅದಕ್ಕಾಗಿ ನೌಕರರಿಗೆ ವಿನ್ಯಾಸ ಚಿಂತನೆಯ ತರಬೇತಿ ಕೊಡಿಸಿದರು; ಕೃತಕ ಬುದ್ಧಿಮತ್ತೆಗೆ ಒತ್ತು ನೀಡಿದರು. 2020ರೊಳಗೆ 2,000 ಕೋಟಿ ಡಾಲರ್ ವರಮಾನದ ಗುರಿ ಇಟ್ಟರು.

ಇಸ್ರೇಲ್ ಮೂಲದ ಪನಾಯಾ ಕಂಪನಿಯನ್ನು 20 ಕೋಟಿ ಡಾಲರಿಗೆ ಕೊಂಡದ್ದು, ಸಿಕ್ಕಾ ಅವರ ವೇತನ ಹೆಚ್ಚಳ, ನಿರ್ಗಮಿಸಿದ ಹಣಕಾಸು ಮುಖ್ಯಸ್ಥರಿಗೆ ನೀಡಿದ ಪರಿಹಾರ ವಿವಾದಕ್ಕೊಳಗಾದವು. ಸಂಸ್ಥಾಪಕ ಎನ್.ಆರ್. ನಾರಾಯಣಮೂರ್ತಿ ಆಡಳಿತದ ಗುಣಮಟ್ಟವನ್ನು ಬಹಿರಂಗವಾಗಿ ಪ್ರಶ್ನಿಸಿದರು. ನಿರ್ದೇಶಕ ಮಂಡಳಿಯು ಸ್ವತಂತ್ರ ತನಿಖೆಯಲ್ಲಿ ಅಕ್ರಮ ಕಂಡುಬಂದಿಲ್ಲ ಎಂದಿತು. 2017ರ ಆಗಸ್ಟ್ 18ರಂದು ಸಿಕ್ಕಾ ರಾಜೀನಾಮೆ ನೀಡಿದರು. ಅದೇ ತಿಂಗಳು ಮತ್ತೊಬ್ಬ ಸಂಸ್ಥಾಪಕ ನಂದನ್ ನಿಲೇಕಣಿ ಅಧ್ಯಕ್ಷರಾಗಿ ಮರಳಿದರು.